ವೈದ್ಯರ ನೋಂದಣಿ: ಅವಧಿ ಮೀರುವ ಮುನ್ನ ಮಾಡಬೇಕಾದ್ದು

ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಇವತ್ತೇ ಪ್ರಮಾಣಪತ್ರ ತೆಗೆದು ಮುಕ್ತಾಯದ ದಿನಾಂಕ ನೋಡಿ; ಅದಕ್ಕೆ 6 ತಿಂಗಳು ಮುಂಚಿನ ದಿನವನ್ನು ಮೊಬೈಲ್‌ನಲ್ಲಿ ಗುರುತು ಹಾಕಿಡಿ.

ಹೆಚ್ಚಿನವರು ಎಡವುವುದು ಸಿಎಂಇ (ವೈದ್ಯರ ನಿರಂತರ ಶಿಕ್ಷಣ) ಅಂಕಗಳಲ್ಲಿ. ನವೀಕರಣಕ್ಕೆ 5 ವರ್ಷದಲ್ಲಿ 30 ಗಂಟೆಯ ಅಂಕ ಬೇಕು, ಅಂದರೆ ವರ್ಷಕ್ಕೆ ಸರಾಸರಿ 6. ಸಮ್ಮೇಳನಕ್ಕೆ ಹೋಗಿ ಬಂದರೆ ಸಾಲದು. ಅಲ್ಲಿ ಕೊಡುವ ಪ್ರಮಾಣಪತ್ರದಲ್ಲಿ ನಿಮ್ಮ ನೋಂದಣಿ ಸಂಖ್ಯೆ, ಕೌನ್ಸಿಲ್ ಮಾನ್ಯ ಮಾಡಿದ ಅಂಕ, ದಿನಾಂಕ ಸರಿಯಾಗಿವೆಯೇ ಎಂದು ಹೊರಡುವ ಮುನ್ನವೇ ನೋಡಿಕೊಳ್ಳಿ. ಹೆಸರಿನ ಇನಿಶಿಯಲ್ ಕೂಡ ನೋಂದಣಿಯಲ್ಲಿರುವಂತೆಯೇ ಇರಲಿ. ಕೊನೆಯ ತಿಂಗಳಲ್ಲಿ 30 ಗಂಟೆ ಹೊಂದಿಸುವುದು ತೀರಾ ಕಷ್ಟ.

2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಔಷಧಿ ಚೀಟಿ, ಪ್ರಮಾಣಪತ್ರ, ರಸೀದಿ ಎಲ್ಲದರ ಮೇಲೂ ನೋಂದಣಿ ಸಂಖ್ಯೆ ಇರಬೇಕು. ಆ ನೋಂದಣಿಯೇ ಊರ್ಜಿತವಲ್ಲದಿದ್ದರೆ ನೀವು ಸಹಿ ಹಾಕಿದ ಮರಣ ಕಾರಣದ ಪ್ರಮಾಣಪತ್ರವೂ ಪ್ರಶ್ನೆಗೆ ಒಳಗಾಗಬಹುದು. ಆಗ ಅಲೆಯಬೇಕಾಗುವುದು ಸತ್ತವರ ಮನೆಯವರು. ನೋಂದಣಿಯಿಲ್ಲದೆ ವೈದ್ಯವೃತ್ತಿ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಮಿನಡಿ 1 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನೋಂದಣಿ ಊರ್ಜಿತವಲ್ಲದಿದ್ದರೆ ವೃತ್ತಿ ವಿಮೆಯ ಕ್ಲೇಮಿಗೂ ತೊಡಕಾಗಬಹುದು.

ಅವಧಿ ಈಗಾಗಲೇ ಮೀರಿದ್ದರೆ ರೋಗಿಗಳನ್ನು ನೋಂದಾಯಿತ ಸಹೋದ್ಯೋಗಿಗೆ ಒಪ್ಪಿಸಿ, ಅರ್ಜಿ ಹಾಕಿ, ನವೀಕರಣ ಕೈಸೇರುವವರೆಗೆ ಯಾವ ಚೀಟಿಗೂ ಸಹಿ ಹಾಕಬೇಡಿ.