ಹಳೇ ಬೋರ್ಡಿಗೆ ಯಾವ ಪ್ರೊಸೆಸರ್? ಎರಡು ಕಂಪ್ಯೂಟರ್‌ಗಳ ಲೆಕ್ಕ

ಪ್ರೊಸೆಸರ್ ಬದಲಿಸಲು ಹೊರಟವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದರ ಜೊತೆಗೆ ಇನ್ನೇನೇನು ಬದಲಿಸಬೇಕಾಗುತ್ತದೆ? ಹುಬ್ಬಳ್ಳಿಯಲ್ಲಿ ನನ್ನ ಕಂಪ್ಯೂಟರ್ ಅಪ್‌ಗ್ರೇಡ್ ಮಾಡುವಾಗ ಈ ಪ್ರಶ್ನೆಗೆ ಒಂದು ಉತ್ತರ ಬಂತು. ಗದಗಿನಲ್ಲಿರುವ ಅಕ್ಕನ ಮಗನ ಕಂಪ್ಯೂಟರ್ ವಿಷಯದಲ್ಲಿ ಪೂರ್ತಿ ಉಲ್ಟಾ ಉತ್ತರ ಬಂತು. ಎರಡನ್ನೂ ನಾನೇ ಬಿಚ್ಚಿ ಜೋಡಿಸಿದ್ದೇನೆ.

ಮೊದಲು ನನ್ನದು. ಎಎಂಡಿ ಕಂಪನಿಯ ರೈಜನ್ 5 2600 ಪ್ರೊಸೆಸರ್, 2018ರಲ್ಲಿ ಬಂದದ್ದು. ಆರು ಕೋರ್ (ಲೆಕ್ಕ ಮಾಡುವ ಭಾಗಗಳು), ಹನ್ನೆರಡು ಥ್ರೆಡ್ (ಒಟ್ಟಿಗೆ ಸಾಗಿಸಬಲ್ಲ ಕೆಲಸಗಳು). ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬಿ450 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, ಆಮೇಲೆ ಸೇರಿಸಿದ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಆಫೀಸ್ ಕೆಲಸಕ್ಕೆ, ವಿಡಿಯೋ ನೋಡಲು ಏನೂ ತೊಂದರೆ ಇರಲಿಲ್ಲ. ಆದರೆ ಕೌಂಟರ್ ಸ್ಟ್ರೈಕ್ 2ರಲ್ಲಿ ನಾಲ್ಕೈದು ಜನ ಒಂದೇ ಕಡೆ ಸೇರಿ ಹೊಗೆ ಬಾಂಬ್ ಬಿದ್ದ ಕೂಡಲೇ ಆಟ ಜರ್ಕ್ ಹೊಡೆಯುತ್ತಿತ್ತು. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) ಚೆನ್ನಾಗೇ ಕಾಣುತ್ತಿತ್ತು. ಬೇಕಾದ ಹೊತ್ತಿಗೆ ಮಾತ್ರ ಕೈ ಕೊಡುತ್ತಿತ್ತು.

ಗೆಳೆಯರು ಕಾರ್ಡ್ ಬದಲಿಸು ಅಂದರು. ನಾನು ದುಡ್ಡು ಬಿಚ್ಚುವ ಮೊದಲು ಪರೀಕ್ಷೆ ಮಾಡಿದೆ. ಇದಕ್ಕೆ ಖರ್ಚೇನೂ ಇಲ್ಲ, ಎಲ್ಲರೂ ಮಾಡಲೇಬೇಕು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು, ಆಟದ ಮೇಲೆಯೇ ಗ್ರಾಫಿಕ್ಸ್ ಕಾರ್ಡ್ ಎಷ್ಟು ಶೇಕಡಾ ದುಡಿಯುತ್ತಿದೆ ಅಂತ ಕಾಣುವ ಹಾಗೆ ಇಟ್ಟೆ. ಕಾರ್ಡ್ 97-98 ಶೇಕಡಾ ದುಡಿಯುತ್ತಿದ್ದರೆ ಅದೇ ತನ್ನ ಮಿತಿ ಮುಟ್ಟಿದೆ ಅಂತ ಅರ್ಥ. ನನ್ನದು 60ರ ಆಸುಪಾಸಿನಲ್ಲಿತ್ತು. ಆಮೇಲೆ ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ ನೋಡಿದೆ. ಎಫ್‌ಪಿಎಸ್ ಹೆಚ್ಚುಕಮ್ಮಿ ಅಲ್ಲೇ ನಿಂತಿತು. ಕಾರ್ಡಿನ ಕೆಲಸ ಅಷ್ಟು ಕಮ್ಮಿ ಮಾಡಿದರೂ ವೇಗ ಏರಲಿಲ್ಲ ಅಂದರೆ ತಡೆ ಪ್ರೊಸೆಸರ್‌ನಲ್ಲಿದೆ. ಇದು ಗೊತ್ತಾಗದೆ ಹೊಸ ಕಾರ್ಡ್ ತಂದಿದ್ದರೆ ಜರ್ಕ್ ಹಾಗೇ ಉಳಿಯುತ್ತಿತ್ತು.

ಇನ್ನೊಂದನ್ನೂ ನೋಡಿಕೊಳ್ಳಬೇಕು. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಪೂರ್ತಿ ವೇಗಕ್ಕೆ ಹಾಕುವ ಸೆಟ್ಟಿಂಗ್, ಆನ್ ಮಾಡದಿದ್ದರೆ 3200 ಅಂತ ಬರೆದಿರುವ ರ‍್ಯಾಮ್ ಕೂಡ 2133 ಅಥವಾ 2400ರಲ್ಲೇ ಓಡುತ್ತದೆ. ಹಳೇ ರೈಜನ್‌ಗಳಿಗೆ ರ‍್ಯಾಮ್ ವೇಗ ಬಹಳ ಮುಖ್ಯ. ಒಂದೇ ಕಡ್ಡಿ ಹಾಕಿಕೊಂಡವರು ಇನ್ನೊಂದು ಸೇರಿಸಿದರೂ ಫರಕು ಬರುತ್ತದೆ. ನನ್ನಲ್ಲಿ ಎರಡೂ ಸರಿಯಾಗೇ ಇದ್ದವು. ಹಾಗಾಗಿ ಪ್ರೊಸೆಸರ್‌ಗೇ ಕೈ ಹಾಕಬೇಕಾಯಿತು.

ಕೊಪ್ಪಿಕರ್ ರಸ್ತೆಯ ಕಡೆ ಒಂದೆರಡು ಅಂಗಡಿ ವಿಚಾರಿಸಿದೆ. "ಈಗ್ಯಾರ್ರೀ ಡಿಡಿಆರ್4 ತಗೋತಾರ? ಎಲ್ಲಾ ಹೊಸಾದು ಹಾಕಿಬಿಡ್ರಿ ಸರ" ಅಂದರು ಒಬ್ಬರು. ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಎಎಂಡಿ ಹೊಸ ಸಾಕೆಟ್ ಎಎಂ5 ತಂದಿತು. ಅದಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಕೂರುತ್ತದೆ. ರೈಜನ್ 5 7600 ಅದರ ಮೇಲೆ ಕೂರುವ ಒಳ್ಳೆಯ ಚಿಪ್. ಆದರೆ ನನ್ನ ಲೆಕ್ಕದಲ್ಲಿ ಅದು ಬರೀ ಪ್ರೊಸೆಸರ್ ಬದಲಾವಣೆ ಆಗಿರಲಿಲ್ಲ. ಬೋರ್ಡ್ ಹೋಗಬೇಕು, ರ‍್ಯಾಮ್ ಹೋಗಬೇಕು. ಮೂರೂ ಸೇರಿ ಸುಮಾರು ನಲವತ್ತು ಸಾವಿರ. ರೈಜನ್ 5 5600 ಆದರೆ ಹತ್ತು ಸಾವಿರದ ಆಸುಪಾಸು, ಇದ್ದ ಬೋರ್ಡಿನಲ್ಲೇ, ಇದ್ದ ರ‍್ಯಾಮಿನ ಜೊತೆಗೇ. ಇದು 2024ರ ದೀಪಾವಳಿ ಹೊತ್ತಿನ ಮಾತು.

2600ಕ್ಕೂ ಆರು ಕೋರ್, 5600ಕ್ಕೂ ಆರು ಕೋರ್. ಹಾಗಾದರೆ ಏನು ಲಾಭ ಅಂತ ಕೇಳುವವರು ಜಾಸ್ತಿ. ಇದಕ್ಕೆ ಒಳಗಿನ ಕಟ್ಟಡ ನೋಡಬೇಕು. 2600ರಲ್ಲಿ ಆರು ಕೋರ್‌ಗಳು ಮೂರು ಮೂರರ ಎರಡು ಗುಂಪಾಗಿವೆ. ಪ್ರತಿ ಗುಂಪಿಗೆ 8 ಎಂಬಿ ಎಲ್3 ಕ್ಯಾಶ್ (ಬೇಕಾದ ಮಾಹಿತಿಯನ್ನು ಕೈಗೆಟುಕುವಂತೆ ಇಡುವ, ಚಿಪ್‌ನೊಳಗಿನ ಮೆಮೊರಿ). ಒಂದು ಗುಂಪಿನ ಕೋರ್‌ಗೆ ಇನ್ನೊಂದು ಗುಂಪಿನ ಹತ್ತಿರ ಇರುವ ಮಾಹಿತಿ ಬೇಕಾದರೆ ಸುತ್ತು ಹಾಕಿಕೊಂಡು ತರಬೇಕು. ಆಟದ ಕೆಲಸ ಪೂರ್ತಿ ಇಂಥ ಸಣ್ಣ ಸಣ್ಣ ಮಾಹಿತಿಯದ್ದೇ: ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿ ಬಿತ್ತು, ಯಾವ ಗೋಡೆ ಅಡ್ಡ ಇದೆ. ಪ್ರತಿ ಸಲ ಸುತ್ತು ಹಾಕಿದರೆ ಆ ಒಂದು ಫ್ರೇಮ್ ತಡವಾಗುತ್ತದೆ, ನಮ್ಮ ಕಣ್ಣಿಗೆ ಜರ್ಕ್ ಆಗಿ ಕಾಣುತ್ತದೆ. ಝೆನ್ 3 ವಿನ್ಯಾಸದ 5600ರಲ್ಲಿ ಆರೂ ಕೋರ್‌ಗಳಿಗೆ ಒಂದೇ 32 ಎಂಬಿ ಕ್ಯಾಶ್. ಎಲ್ಲರೂ ಒಂದೇ ಕಡೆಯಿಂದ ತೆಗೆದುಕೊಳ್ಳಬಹುದು. ಜೊತೆಗೆ ಒಂದೊಂದು ಕೋರ್ ಕೂಡ ಜೋರಾಗಿದೆ. ಕೋರ್ ಎಷ್ಟು, ಗಿಗಾಹರ್ಟ್ಸ್ ಎಷ್ಟು ಅಂತಷ್ಟೇ ನೋಡಿದರೆ ಈ ಫರಕು ಗೊತ್ತಾಗುವುದೇ ಇಲ್ಲ.

ಹಾಗಿದ್ದರೆ ಕ್ಯಾಶ್ ಇನ್ನೂ ಜಾಸ್ತಿ ಇರುವುದನ್ನೇ ತಗೊಳ್ಳಬಹುದಲ್ವಾ? 2024ರ ಜನವರಿಯಲ್ಲಿ ಬಂದ 5700ಎಕ್ಸ್3ಡಿ ಅದೇ ಎಎಂ4 ಸಾಕೆಟ್‌ನಲ್ಲಿ ಕೂರುತ್ತದೆ. ಎಂಟು ಕೋರ್, ಮೇಲೆ ಪದರದ ಹಾಗೆ ಕೂರಿಸಿದ ಕ್ಯಾಶ್ ಸೇರಿ 96 ಎಂಬಿ. ಆಟಕ್ಕೆ ಅದು ನಿಜವಾಗಿಯೂ ಅದ್ಭುತ ಚಿಪ್. ನಾನು ಎರಡು ಕಾರಣಕ್ಕೆ ಬಿಟ್ಟೆ. ಒಂದು, ನನ್ನ 3060 ಕಾರ್ಡ್ ಅಷ್ಟು ವೇಗಕ್ಕೆ ಜೊತೆ ಕೊಡುವುದಿಲ್ಲ. ಎರಡು, ಅದು 105 ವಾಟ್ ಚಿಪ್, ಡಬ್ಬದಲ್ಲಿ ಕೂಲರ್ ಬರುವುದಿಲ್ಲ. ನನ್ನದು ಅಗ್ಗದ ಬಿ450, ಪವರ್ ಭಾಗದ ಮೇಲೆ ಹೀಟ್‌ಸಿಂಕ್ ಸಣ್ಣದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಹೊರಗೆ 37-38 ಡಿಗ್ರಿ ಇರುತ್ತದೆ, ಕಿಟಕಿ ತೆಗೆದಿಟ್ಟರೆ ಧೂಳು ಬೇರೆ. ಅಂಥ ಕೋಣೆಯಲ್ಲಿ 65 ವಾಟ್‌ನ 5600 ನೆಮ್ಮದಿ. ಅದಕ್ಕೆ ಡಬ್ಬದಲ್ಲೇ ಕೂಲರ್ ಇತ್ತು. ದೊಡ್ಡ ಕಾರ್ಡ್, ಒಳ್ಳೆಯ ಬೋರ್ಡ್ ಇದ್ದವರಿಗೆ, ಸಿಕ್ಕರೆ, ನಾನು ಎಕ್ಸ್3ಡಿಯನ್ನೇ ಹೇಳುತ್ತೇನೆ.

ಈಗ ಹಾಕುವ ಕೆಲಸ. ಇಲ್ಲಿ ಅವಸರ ಬೇಡ.

ಹಳೇ ಪ್ರೊಸೆಸರ್ ಕೂತಿರುವಾಗಲೇ ಬಯೋಸ್ ಅಪ್‌ಡೇಟ್ ಮಾಡಬೇಕು. ಹಳೇ ಬಯೋಸ್‌ಗೆ 5000 ಸರಣಿಯ ಚಿಪ್ ಗುರುತೇ ಸಿಗುವುದಿಲ್ಲ. ಮೊದಲು ಹೊಸ ಚಿಪ್ ಹಾಕಿಬಿಟ್ಟರೆ ಪರದೆ ಕಪ್ಪು. ಬೋರ್ಡ್ ಕಂಪನಿಯ ಪುಟದಲ್ಲಿ ನಿಮ್ಮ ಬೋರ್ಡಿನ ಪೂರ್ತಿ ಹೆಸರು, ರಿವಿಷನ್ ನಂಬರ್ ಸಮೇತ ನೋಡಿ ಫೈಲ್ ಇಳಿಸಿಕೊಳ್ಳಿ. ಕೆಲವು ಬೋರ್ಡ್‌ಗಳಲ್ಲಿ ನಡುವಿನ ಒಂದು ಆವೃತ್ತಿ ಮೊದಲು ಹಾಕಿ ಆಮೇಲೆ ಹೊಸದು ಹಾಕಬೇಕು, ಅದನ್ನೂ ಅಲ್ಲೇ ಬರೆದಿರುತ್ತಾರೆ. ಪೆನ್‌ಡ್ರೈವ್ ಎಫ್‌ಎಟಿ32 ರೀತಿಯಲ್ಲಿ ಫಾರ್ಮ್ಯಾಟ್ ಆಗಿರಲಿ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು. ಹಾಗಾಗಿ ಯುಪಿಎಸ್ ಮೇಲೆಯೇ ಮಾಡಿ, ಮಳೆಗಾಲದ ಸಂಜೆ ಬೇಡವೇ ಬೇಡ. ಈ ಕೆಲಸದಲ್ಲಿ ಕಂಪ್ಯೂಟರ್ ಹೆಚ್ಚು ಪವರ್ ಎಳೆಯುವುದಿಲ್ಲ, ಸಣ್ಣ 600 ವಿಎ ಯುಪಿಎಸ್ ಸಾಕು.

ಎಎಂ4 ಚಿಪ್‌ಗಳಲ್ಲಿ ಪಿನ್ನುಗಳು ಚಿಪ್‌ನ ಅಡಿಯಲ್ಲಿರುತ್ತವೆ. ಚಿಪ್‌ನ ಶಾಖವನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ವರ್ಷಗಟ್ಟಲೆ ಒಣಗಿ ಅಂಟಿನ ಹಾಗೆ ಹಿಡಿದಿರುತ್ತದೆ. ಕೂಲರ್ ನೇರ ಮೇಲಕ್ಕೆ ಎಳೆದರೆ ಚಿಪ್ ಹಿಡಿದಿಡುವ ಲಿವರ್ ಮುಚ್ಚಿದ್ದರೂ ಚಿಪ್ ಸಾಕೆಟ್‌ನಿಂದ ಕಿತ್ತು ಅದರ ಜೊತೆಗೇ ಬರಬಹುದು, ಪಿನ್ನು ಬಾಗಬಹುದು. ನಾನು ಮೊದಲು ಸ್ವಲ್ಪ ಹೊತ್ತು ಆಟ ಓಡಿಸಿ ಪೇಸ್ಟ್ ಬೆಚ್ಚಗೆ ಮಾಡಿಕೊಂಡೆ. ಆಫ್ ಮಾಡಿ, ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರನ್ನು ಆ ಕಡೆ ಈ ಕಡೆ ಮೆಲ್ಲಗೆ ತಿರುಗಿಸಿದೆ. ಸಡಿಲವಾದ ಮೇಲಷ್ಟೇ ಎತ್ತಿದೆ. ಹೊಸ ಚಿಪ್ ಕೂರಿಸುವಾಗ ಮೂಲೆಯ ಬಂಗಾರದ ಬಣ್ಣದ ತ್ರಿಕೋನ ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಬಿಟ್ಟರೆ ತಾನೇ ಇಳಿಯುತ್ತದೆ. ಒತ್ತಬಾರದು.

ಆನ್ ಮಾಡಿದಾಗ ಹೊಸ ಸಿಪಿಯು ಬಂದಿದೆ, ಎಫ್‌ಟಿಪಿಎಂ (ಭದ್ರತೆಯ ಕೀಗಳನ್ನು ಇಡುವ ಭಾಗ) ರೀಸೆಟ್ ಮಾಡಲೇ ಅಂತ ಕೇಳುತ್ತದೆ. ಗಾಬರಿ ಬೇಡ. ಆದರೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ) ಆನ್ ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಂಡಿರಬೇಕು. ಇಲ್ಲದಿದ್ದರೆ ನಿಮ್ಮ ಡಿಸ್ಕ್ ನಿಮಗೇ ತೆರೆಯುವುದಿಲ್ಲ. ಬಯೋಸ್ ಅಪ್‌ಡೇಟ್ ಆದ ಮೇಲೆ ಎಕ್ಸ್‌ಎಂಪಿ ಆಫ್ ಆಗಿರುತ್ತದೆ, ಮತ್ತೆ ಆನ್ ಮಾಡಿ.

ಕೌಂಟರ್ ಸ್ಟ್ರೈಕ್‌ನಲ್ಲಿ ಮೊದಲು 60ರ ಹತ್ತಿರ ಬೀಳುತ್ತಿದ್ದ 1% ಲೋ (ಅತಿ ನಿಧಾನವಾದ ಒಂದು ಶೇಕಡಾ ಫ್ರೇಮ್‌ಗಳ ಎಫ್‌ಪಿಎಸ್) ಈಗ 100 ದಾಟಿತು. ಸರಾಸರಿಯೂ ಏರಿತು, ಆದರೆ ನನಗೆ ಖುಷಿ ಕೊಟ್ಟಿದ್ದು ಈ ಕೆಳಗಿನ ಅಂಕಿ. ಹೊಗೆಯ ನಡುವೆ ಗುರಿ ಇಟ್ಟರೆ ಮೌಸ್ ಮಾತು ಕೇಳುತ್ತದೆ. ಸೈಬರ್‌ಪಂಕ್ 2077ರಂಥ ಆಟದಲ್ಲಿ ಸರಾಸರಿ ಹೆಚ್ಚು ಬದಲಾಗಲಿಲ್ಲ, ಅಲ್ಲಿ ಮಿತಿ ಕಾರ್ಡಿನದ್ದು. ಜನ ತುಂಬಿದ ಬೀದಿಗಳಲ್ಲಿ ಮಾತ್ರ ಓಡಾಟ ನಯವಾಯಿತು. ಬಿ450ರಲ್ಲಿ ಕಾರ್ಡ್ ಕೂರುವ ಪಿಸಿಐಇ ಕೊಂಡಿ ಹಳೇ 3.0 ಆವೃತ್ತಿಯದು ಮಾತ್ರ. 3060 ಹದಿನಾರು ಲೇನ್‌ನ (ಮಾಹಿತಿ ಓಡಾಡುವ ದಾರಿ) ಕಾರ್ಡ್ ಆದ್ದರಿಂದ ಅದರಿಂದ ತೊಂದರೆ ಕಾಣಲಿಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ನಾಲ್ಕೇ ಲೇನ್‌ನ ಕಾರ್ಡ್‌ಗಳನ್ನು ಇಂಥ ಬೋರ್ಡಿಗೆ ಹಾಕಬೇಡಿ.

ಅಕ್ಕನ ಮಗನದು ಬೇರೆಯೇ ವಿಷಯ. ಅವನ ಹತ್ತಿರ ಇದ್ದದ್ದು ಇಂಟೆಲ್ ಕಂಪನಿಯ ಐ5 4460 ಪ್ರೊಸೆಸರ್, 2014ರದ್ದು. ನಾಲ್ಕು ಕೋರ್, ನಾಲ್ಕೇ ಥ್ರೆಡ್, ಡಿಡಿಆರ್3 ರ‍್ಯಾಮ್. 2025ರ ಬೇಸಿಗೆಯಲ್ಲಿ ಫೋನ್ ಮಾಡಿದ. "ಮಾಮಾ, ನಾಲ್ಕೂವರಿ ಸಾವಿರಕ್ಕ ಐ7 4790 ಸಿಗಾಕತ್ತೈತಿ. ಇದ್ದ ಬೋರ್ಡಿಗೇ ಕೂಡ್ತೈತಂತ, ತಗೊಳ್ಳೇನು?" ನಾನು ಬೋರ್ಡ್ ಉಳಿಸಿಕೊಂಡಿದ್ದು ನೋಡಿ ಅವನೂ ಅದೇ ದಾರಿ ಹಿಡಿದಿದ್ದ. ಬೇಡ ಅಂದೆ.

4790 ಕೂಡ 2014ರದ್ದೇ. ಎಂಟು ಥ್ರೆಡ್ ಸಿಗುತ್ತದೆ, ಅದಕ್ಕಿಂತ ಮುಂದೆ ಆ ಸಾಕೆಟ್‌ನಲ್ಲಿ ಹೋಗಲು ಜಾಗವಿಲ್ಲ. ವಿಂಡೋಸ್ 11 ಇಂಟೆಲ್‌ನ 8ನೇ ತಲೆಮಾರಿನಿಂದ ಮೇಲಿನದನ್ನಷ್ಟೇ ಒಪ್ಪುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಅವನು ಆಡುವ ವ್ಯಾಲರಂಟ್‌ಗೆ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳು ಎರಡೂ ಬೇಕು. ನಾಲ್ಕೂವರೆ ಸಾವಿರ ಕಮ್ಮಿ ಅನಿಸಿದರೂ ಆ ದುಡ್ಡು ಅಲ್ಲಿಗೇ ನಿಲ್ಲುತ್ತಿತ್ತು. ನನ್ನ ಬೋರ್ಡಿನಲ್ಲಿ ಮುಂದೆ ಹೋಗಲು ಜಾಗ ಇತ್ತು, ಅವನದರಲ್ಲಿ ಇರಲಿಲ್ಲ. ಉತ್ತರ ಬೇರೆಯಾಗಿದ್ದು ಇದಕ್ಕೇ.

ಅವನು ಹೇಗೂ ಬೋರ್ಡ್, ರ‍್ಯಾಮ್ ಎರಡೂ ಹೊಸದು ತಗೊಳ್ಳಲೇಬೇಕು. ಆಗ ಐ5 12400ಎಫ್ ಇರಲೋ, ರೈಜನ್ 5 7600 ಇರಲೋ ಅಂತ ಕೂತು ಲೆಕ್ಕ ಹಾಕಿದೆವು. 12400ಎಫ್ ಅಗ್ಗ, ಡಿಡಿಆರ್4 ಬೋರ್ಡಿನಲ್ಲೂ ಸಿಗುತ್ತದೆ. ಬಜೆಟ್ ಬಿಗಿ ಇದ್ದವರಿಗೆ ಈಗಲೂ ಅದು ಒಳ್ಳೆಯದೇ. ಆದರೆ ಅದರ ಸಾಕೆಟ್ 14ನೇ ತಲೆಮಾರಿಗೆ ಮುಗಿಯಿತು, ಇಂಟೆಲ್ 2024ರ ಅಕ್ಟೋಬರ್‌ನಲ್ಲಿ ಬೇರೆ ಸಾಕೆಟ್‌ಗೆ ಹೋಯಿತು. ಎಎಂ5ಗೆ 2027 ಮತ್ತು ಆಮೇಲೂ ಚಿಪ್ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ. 7600ರಲ್ಲಿ ಒಳಗೇ ಸಣ್ಣ ಗ್ರಾಫಿಕ್ಸ್ ಇದೆ, 12400ಎಫ್‌ನಲ್ಲಿ ಇಲ್ಲ. ಓದುವ ಹುಡುಗ, ಕಾರ್ಡ್ ಕೆಟ್ಟರೆ ಕಂಪ್ಯೂಟರ್ ಮೂಲೆಗೆ ಬೀಳಬಾರದು ಅಲ್ವಾ? 7600 ತಗೊಂಡೆವು. ಹೆಸರಿಲ್ಲದ ಹಳೇ ಎಸ್‌ಎಂಪಿಎಸ್ (ಪವರ್ ಸಪ್ಲೈ) ಕೂಡ ತೆಗೆಸಿದೆ. ಇಷ್ಟು ಖರ್ಚು ಮಾಡಿ ಅದರ ಮೇಲೆ ನಂಬಿಕೆ ಇಡುವುದು ಸರಿಯಲ್ಲ.

ಸೆಕೆಂಡ್ ಹ್ಯಾಂಡ್‌ನಲ್ಲಿ ಇಂಟೆಲ್ 13, 14ನೇ ತಲೆಮಾರಿನ ದೊಡ್ಡ ಚಿಪ್‌ಗಳು ಅಗ್ಗಕ್ಕೆ ಸಿಕ್ಕರೆ ಬಿಲ್, ವಾರಂಟಿ ನೋಡದೆ ಮುಟ್ಟಬೇಡಿ. ವೋಲ್ಟೇಜ್ ಜಾಸ್ತಿ ಹೋಗಿ ಚಿಪ್ ಅಸ್ಥಿರವಾಗುವ ತೊಂದರೆಯನ್ನು 2024ರಲ್ಲಿ ಇಂಟೆಲ್ಲೇ ಒಪ್ಪಿಕೊಂಡು, ಆಗಸ್ಟ್‌ನಲ್ಲಿ ಮೈಕ್ರೋಕೋಡ್ (ಚಿಪ್ ನಡೆಸುವ ಒಳಗಿನ ಕೋಡ್) ಅಪ್‌ಡೇಟ್ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅಪ್‌ಡೇಟ್ ಮುಂದಿನ ಹಾನಿ ತಡೆಯುತ್ತದೆ, ಆಗಲೇ ಸವೆದ ಚಿಪ್ಪನ್ನು ಸರಿಮಾಡುವುದಿಲ್ಲ. ಹಳೇ ಎಎಂ4 ಚಿಪ್ ಆದರೆ ಅಡಿಯ ಪಿನ್ನುಗಳನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿ, ಒಂದು ಸಾಲು ಕೂಡ ಸೊಟ್ಟ ಇರಬಾರದು.

ಗದಗಿನಲ್ಲಿ ಅವನು ಮೊದಲ ಸಲ ಆನ್ ಮಾಡಿದಾಗ ನಿಮಿಷಗಟ್ಟಲೆ ಪರದೆ ಕಪ್ಪಾಗೇ ಇತ್ತು. ಎಎಂ5 ಬೋರ್ಡ್‌ಗಳು ಮೊದಲ ಸಲ ರ‍್ಯಾಮ್ ಹೊಂದಿಸಿಕೊಳ್ಳಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತವೆ, ಆಫ್ ಮಾಡದೆ ಕಾಯಬೇಕು. ಇನ್ನೊಂದು ವಿಷಯ: ನಾವು ಕೊಂಡ ಮೇಲೆ, 2025ರ ಕೊನೆಗೆ ರ‍್ಯಾಮ್ ಬೆಲೆ ವಿಪರೀತ ಏರಿತು. ಹಾಗಾಗಿ ಈಗ 16 ಜಿಬಿ ಡಿಡಿಆರ್4 ಕೈಯಲ್ಲಿರುವವರು ಅದನ್ನು ಮಾರುವ ಮುಂಚೆ, ತಮ್ಮ ಬೋರ್ಡಿನ ಸಪೋರ್ಟ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೊಸ ಪ್ರೊಸೆಸರ್ ಯಾವುದಿದೆ, ಅದಕ್ಕೆ ಯಾವ ಬಯೋಸ್ ಬೇಕು ಅಂತ ತೆಗೆದು ನೋಡಿ.