ಅಕ್ಷರ ದೊಡ್ಡದು ಮಾಡಿ ನೋಡಿ, ಲೇಔಟ್ ಎಲ್ಲಿ ಒಡೆಯುತ್ತೆ ಅಂತ ಗೊತ್ತಾಗುತ್ತೆ

ಡಿಸೈನ್ ಟೂಲ್ ಆದ ಫಿಗ್ಮಾದಲ್ಲಿ ಚೆನ್ನಾಗಿದ್ದ ಆ್ಯಪ್ ಸ್ಕ್ರೀನ್ ಬೇರೆಯವರ ಫೋನಿನಲ್ಲಿ ಯಾಕೆ ಕೆಡುತ್ತದೆ ಅಂತ ಹುಡುಕೋಕೆ ದೊಡ್ಡ ಟೂಲ್ ಏನೂ ಬೇಡ. ಸೆಟ್ಟಿಂಗ್ಸ್‌ಗೆ ಹೋಗಿ ಫಾಂಟ್ ಸೈಜನ್ನು ಕೊನೆಯವರೆಗೂ ಎಳೆಯಿರಿ. ಆಮೇಲೆ ನಿಮ್ಮ ಆ್ಯಪ್ ತೆರೆಯಿರಿ.

ಆಂಡ್ರಾಯ್ಡ್ 14ರಿಂದ ಅಕ್ಷರವನ್ನು 200% ವರೆಗೆ ಹಿಗ್ಗಿಸಬಹುದು. ಐಫೋನಿನಲ್ಲಿ ಇನ್ನೂ ಜಾಸ್ತಿ. ಮಾಮೂಲಿ 17 ಪಾಯಿಂಟ್ ಇರುವ ಬಾಡಿ ಟೆಕ್ಸ್ಟ್, ಆಕ್ಸೆಸಿಬಿಲಿಟಿಯ ದೊಡ್ಡ ಸೈಜುಗಳನ್ನು ಆನ್ ಮಾಡಿದರೆ 53 ಪಾಯಿಂಟ್ ತನಕ ಹೋಗುತ್ತದೆ. ಕಣ್ಣು ಮಂಜಾದವರು ದಿನವಿಡೀ ಇಂಥ ಸೈಜಿನಲ್ಲೇ ಫೋನ್ ನೋಡುತ್ತಾರೆ, ಅವರನ್ನು ಬಿಟ್ಟು ಡಿಸೈನ್ ಮಾಡೋದು ಸರಿಯಲ್ಲ.

ಒಂದು ಬಟನ್ ತೆಗೆದುಕೊಳ್ಳಿ. ಎತ್ತರ 48 ಡಿಪಿ, ಒಳಗೆ 16 ಎಸ್‌ಪಿ ಅಕ್ಷರ. ಎರಡೂ ಆಂಡ್ರಾಯ್ಡ್‌ನ ಅಳತೆಗಳು, ಡಿಪಿ ಬಟನ್‌ನಂಥ ಭಾಗಗಳಿಗೆ, ಎಸ್‌ಪಿ ಅಕ್ಷರಕ್ಕೆ. ಫಾಂಟ್ ಹಿಗ್ಗಿಸಿದಾಗ ಎಸ್‌ಪಿ ಬೆಳೆಯುತ್ತದೆ, ಡಿಪಿ ಹಾಗೇ ಇರುತ್ತದೆ. ‘ವಿಳಾಸ ಬದಲಾಯಿಸಿ’ ಅನ್ನೋದು ಎರಡು ಸಾಲಾಗಿ, ಎರಡನೇ ಸಾಲು ಅರ್ಧ ಕತ್ತರಿಸಿ ಹೋಗುತ್ತದೆ. ಇದಕ್ಕೆ ಕೆಲವರು ಅಕ್ಷರಕ್ಕೂ ಡಿಪಿ ಕೊಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಲೇಔಟ್ ಉಳಿಯುತ್ತೆ, ಓದೋರಿಗೆ ಮಾತ್ರ ಏನೂ ಕಾಣಲ್ಲ. ತಪ್ಪಿರೋದು ಎತ್ತರವನ್ನು ಕಟ್ಟಿಹಾಕಿದ್ದರಲ್ಲಿ. 48 ಡಿಪಿಯನ್ನು ಕನಿಷ್ಠ ಎತ್ತರ ಅಂತ ಕೊಡಿ, ಮೇಲೆ ಕೆಳಗೆ ಪ್ಯಾಡಿಂಗ್ (ಖಾಲಿ ಜಾಗ) ಹಾಕಿ, ಉಳಿದದ್ದನ್ನು ಅಕ್ಷರವೇ ತೀರ್ಮಾನಿಸಲಿ. ಆಂಡ್ರಾಯ್ಡ್ ಸ್ಕ್ರೀನ್ ಕಟ್ಟುವ ಟೂಲ್‌ಕಿಟ್ ಕಂಪೋಸ್‌ನಲ್ಲಿ ಇದಕ್ಕೇ ‘ಹೈಟ್‌ಇನ್’ ಇದೆ. ಡಿಸೈನರ್ ಆದರೆ ಫಿಗ್ಮಾದ ಆಟೋ ಲೇಔಟ್‌ನಲ್ಲಿ ಎತ್ತರವನ್ನು ‘ಹಗ್’ಗೆ (ಒಳಗಿರೋದಕ್ಕೆ ತಕ್ಕಂತೆ ಬೆಳೆಯೋ ಹಾಗೆ) ಇಡಿ, ಮಾಮೂಲಿ ಫ್ರೇಮ್ ಜೊತೆಗೆ ದೊಡ್ಡ ಅಕ್ಷರದ ಫ್ರೇಮ್ ಒಂದನ್ನೂ ಡೆವಲಪರ್‌ಗೆ ಕೊಡಿ. ಇಲ್ಲದಿದ್ದರೆ ಐಕಾನ್ ಪಕ್ಕದ ಹೆಸರು ಕೆಳಗಿಳಿಯಬೇಕೋ ಚುಕ್ಕಿ ಹಾಕಿ ಮೊಟಕಾಗಬೇಕೋ ಅಂತ ಅವರೇ ಊಹಿಸಬೇಕಾಗುತ್ತೆ, ಅಲ್ವಾ?

ಲೈನ್ ಹೈಟ್ (ಒಂದೊಂದು ಸಾಲಿನ ಎತ್ತರ) ಕೂಡ ಎಸ್‌ಪಿಯಲ್ಲೇ ಇರಲಿ. ಕನ್ನಡಕ್ಕೆ ಇದು ಇನ್ನೂ ಮುಖ್ಯ. ಇಂಗ್ಲಿಷ್ ಅಕ್ಷರ ನೋಡಿ ಸಾಲನ್ನು ಬಿಗಿ ಮಾಡಿದರೆ ನಮ್ಮ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಇಂಥ ಪದಗಳನ್ನೇ ಹಾಕಿ ನೋಡಿ, ಸುಮ್ನೆ ‘ನಮಸ್ಕಾರ’ ಹಾಕಿ ಬಿಡಬೇಡಿ.

ಪ್ರತಿ ಸಲ ಸೆಟ್ಟಿಂಗ್ಸ್‌ಗೆ ಹೋಗೋದು ಬೇಜಾರು ಅನಿಸಿದರೆ, ಕಂಪೋಸ್‌ನ ‘ಪ್ರಿವ್ಯೂ ಫಾಂಟ್ ಸ್ಕೇಲ್’ ಒಂದೇ ಸ್ಕ್ರೀನನ್ನು ಬೇರೆ ಬೇರೆ ಅಳತೆಯಲ್ಲಿ ಸಾಲಾಗಿ ತೋರಿಸುತ್ತದೆ. ಐಫೋನ್ ಆ್ಯಪ್ ಕಟ್ಟುವ ಎಕ್ಸ್‌ಕೋಡ್‌ನಲ್ಲಿ ಆ್ಯಪ್ ಓಡುತ್ತಿರುವಾಗಲೇ ‘ಎನ್ವಿರಾನ್ಮೆಂಟ್ ಓವರ್‌ರೈಡ್ಸ್’ನಿಂದ ಸೈಜ್ ಬದಲಿಸಬಹುದು. ಗೂಗಲ್‌ನ ಆಕ್ಸೆಸಿಬಿಲಿಟಿ ಸ್ಕ್ಯಾನರ್, ಮುಟ್ಟಲು ತೀರಾ ಚಿಕ್ಕದಾದ ಬಟನ್ನುಗಳನ್ನೂ ಹಿನ್ನೆಲೆಯಲ್ಲಿ ಮುಳುಗಿಹೋದ ಬಣ್ಣಗಳನ್ನೂ ಹಿಡಿದು ಕೊಡುತ್ತದೆ. ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕಾಂಟ್ರಾಸ್ಟ್ ಕನಿಷ್ಠ 4.5:1 ಇರಬೇಕು.

ಸಮಯ ಕಮ್ಮಿ ಇದ್ದರೆ ಮೊದಲು ಡೈಲಾಗುಗಳನ್ನು ನೋಡಿ. ಅಕ್ಷರ ಬೆಳೆದು ‘ಸರಿ’ ಬಟನ್ ಸ್ಕ್ರೀನಿನ ಕೆಳಗೆ ಜಾರಿ, ಒಳಗೆ ಸ್ಕ್ರೋಲ್ ಕೂಡ ಇಲ್ಲ ಅಂದರೆ ಬಳಸುವವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಸಂದೇಶದ ಭಾಗಕ್ಕೆ ಸ್ಕ್ರೋಲ್ ಕೊಡಿ, ಬಟನ್ನುಗಳನ್ನು ಅದರ ಹೊರಗೆ ಇಡಿ.