ವಾಯುಪಡೆಯ ರನ್‌ವೇಗಳಲ್ಲಿ ಒಬ್ಬ ಸಿವಿಲ್ ಪೈಲಟ್

ಪ್ರಯಾಣಿಕರ ವಿಮಾನ ಹಾರಿಸುವ ನಮಗೂ ವಾಯುಪಡೆಯ ರನ್‌ವೇ ತಪ್ಪಿದ್ದಲ್ಲ. ಲೇಹ್, ಬಾಗ್‌ಡೋಗ್ರಾ, ತೇಜ್‌ಪುರ, ಜೋರ್ಹಾಟ್ ಎಲ್ಲವೂ ಅವರವೇ. ಒಂದು ಮೂಲೆಯಲ್ಲಿ ನಮ್ಮ ಟರ್ಮಿನಲ್ ಇರುತ್ತದೆ, ಅಷ್ಟೆ. ಟವರ್‌ನಲ್ಲಿ ಕೂತು ಮಾತಾಡುವವರೂ ವಾಯುಪಡೆಯವರು. ಇಳಿಯಲು ಅನುಮತಿ ಕೊಡುವಾಗ, ಚಕ್ರ ಕೆಳಗಿಳಿದು ಲಾಕ್ ಆಗಿದೆಯಾ ನೋಡಿಕೊಳ್ಳಿ ಅನ್ನುತ್ತಾರೆ. ಬೇರೆ ನಿಲ್ದಾಣಗಳಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಒಂಟಿಯಾಗಿ ಫೈಟರ್ ಹಾರಿಸುವವನಿಗೆ ನೆನಪಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅಲ್ವಾ? ಆ ಕಾಳಜಿ ನಮಗೂ ಸಿಗುತ್ತದೆ. ನನಗದು ತುಂಬ ಇಷ್ಟ.

ತೇಜ್‌ಪುರದಲ್ಲಿ ಆಗ ಮಿಗ್-21ಗಳ ತರಬೇತಿ ನಡೆಯುತ್ತಿತ್ತು. ಅವು ಇಳಿಯುವವರೆಗೂ ನಾವು ರನ್‌ವೇ ಪಕ್ಕ ಕಾಯಬೇಕು. ನೆಲ ಮುಟ್ಟಿದ ಕೂಡಲೇ ಬಾಲದಿಂದ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ, ವೇಗ ಕುಗ್ಗುತ್ತದೆ. ಬಿದ್ದ ಪ್ಯಾರಾಚೂಟನ್ನು ಎತ್ತಿಕೊಂಡು ಹೋದ ಮೇಲೇ ನಮ್ಮ ಸರದಿ. ತಡವಾಯಿತೆಂದು ಹಿಂದೆ ಪ್ರಯಾಣಿಕರು ಗೊಣಗುತ್ತಿರುತ್ತಿದ್ದರು. ನಾನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದರು.

ಆದರೆ ನನ್ನ ಮನಸ್ಸು ನಿಂತಿದ್ದು ಲೇಹ್‌ನಲ್ಲಿ. ಸಮುದ್ರಮಟ್ಟದಿಂದ 3,256 ಮೀಟರ್ ಎತ್ತರ, ಗಾಳಿ ತೆಳು. ವೇಗ ತೋರಿಸುವ ಮುಳ್ಳು 130 ನಾಟ್ (ಗಂಟೆಗೆ ಸುಮಾರು 240 ಕಿ.ಮೀ.) ಎನ್ನುತ್ತಿದ್ದರೂ ನಿಜವಾದ ವೇಗ 150 ದಾಟಿರುತ್ತದೆ. ಅಷ್ಟು ವೇಗದಲ್ಲಿ ಚಕ್ರ ನೆಲಕ್ಕೆ ತಾಗುತ್ತದೆ, ಬ್ರೇಕ್ ಕಾದು ಕೆಂಡವಾಗುತ್ತದೆ. ಸುತ್ತ ಬೆಟ್ಟ ಇರುವುದರಿಂದ ಇಳಿಯುವುದು ಒಂದು ದಿಕ್ಕಿಗೆ, ಏರುವುದು ಅದರ ಎದುರು ದಿಕ್ಕಿಗೆ. ಮಧ್ಯಾಹ್ನವಾದರೆ ಕಣಿವೆಯಲ್ಲಿ ಗಾಳಿ ಎದ್ದುಬಿಡುತ್ತದೆ. ಹಿಂದಿನಿಂದ ನೂಕುವ ಗಾಳಿ ಜಾಸ್ತಿಯಾದರೆ, ತಿರುಗಿ ಇನ್ನೊಂದು ಕಡೆಯಿಂದ ಇಳಿಯೋಣ ಅನ್ನುವ ಹಾಗಿಲ್ಲ. ಅದಕ್ಕೇ ನಮ್ಮ ಎಲ್ಲ ಕೆಲಸ ಬೆಳಿಗ್ಗೆಯೇ ಮುಗಿಯಬೇಕಿತ್ತು. ದಾರಿಯಲ್ಲಿ ಒಂದು ಎಂಜಿನ್ ಕೈಕೊಟ್ಟರೆ ಯಾವ ಕಣಿವೆ ಹಿಡಿದು ಹೊರಬರಬೇಕು ಎಂಬುದನ್ನು ಹೊರಡುವ ಮುಂಚೆಯೇ ನಾವಿಬ್ಬರು ಪೈಲಟ್‌ಗಳೂ ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದೆವು.

ಇಷ್ಟೆಲ್ಲ ಲೆಕ್ಕ, ಇಷ್ಟೆಲ್ಲ ಯಂತ್ರಗಳ ನೆರವು ಇದ್ದೂ ಅಲ್ಲಿ ಇಳಿಯುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಹಾಗಿರುವಾಗ 1948ರ ಮೇ 24ನ್ನು ನೆನೆದುಕೊಳ್ಳಿ. ವಾಯುಪಡೆಯ ಅಧಿಕಾರಿ ಮೆಹರ್ ಸಿಂಗ್ ಅವರು ಡಕೋಟಾ ಎಂಬ ಹಳೆಯ ಸಾಗಣೆ ವಿಮಾನವೊಂದನ್ನು ಮೊದಲ ಸಲ ಲೇಹ್‌ನಲ್ಲಿ ಇಳಿಸಿದರು. ಜೊತೆಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಡಕೋಟಾದ ಒಳಗೆ ಗಾಳಿಯ ಒತ್ತಡ ಕಾಪಾಡುವ ಏರ್ಪಾಟೇ ಇಲ್ಲ. ಆ ಎತ್ತರದ ಚಳಿ, ತೆಳುಗಾಳಿ ಎಲ್ಲವನ್ನೂ ಮೈಮೇಲೇ ತೆಗೆದುಕೊಳ್ಳಬೇಕು. ಕೆಳಗೆ ಕಾದಿದ್ದದ್ದು ಲಡಾಖಿನ ಎಂಜಿನಿಯರ್ ಸೋನಮ್ ನೊರ್ಬು ತರಾತುರಿಯಲ್ಲಿ ಸಿದ್ಧಪಡಿಸಿದ ಮಣ್ಣಿನ ಪಟ್ಟಿ. ಅವರೆಲ್ಲ ಹಾದಿ ಹಾಕಿಕೊಟ್ಟರು, ನಾವು ಅದರಲ್ಲಿ ಓಡಾಡುತ್ತಿದ್ದೇವೆ.

ಬ್ರೇಕ್ ಆರುವವರೆಗೆ ನಿಂತಿರುವಾಗ ಅಲ್ಲಿ ನನ್ನ ಕಣ್ಣು ಹುಡುಕುತ್ತಿದ್ದುದು ವಾಯುಪಡೆಯ ಸಾಗಣೆ ವಿಮಾನ ಆಂಟೊನೊವ್-32ಅನ್ನು. 1984ರಿಂದ ನಮ್ಮ ವಾಯುಪಡೆಯಲ್ಲಿದೆ. ಅದರ ಎಂಜಿನ್‌ಗಳು ರೆಕ್ಕೆಯ ಮೇಲೆ ಎತ್ತರದಲ್ಲಿ ಕೂತಿವೆ. ನೋಡಲು ಚೆಂದವೇನಲ್ಲ, ಆದರೆ ಆ ಭಾರಿ ಪಂಖಗಳು ಸುತ್ತಲು ಜಾಗ ಬೇಕಲ್ಲ. ಹಿಂದಿನ ಬಾಗಿಲು ಕೆಳಗೆ ಬಿಟ್ಟುಕೊಂಡು ನಿಂತಿರುತ್ತಿತ್ತು. ಒಳಗಿನಿಂದ ಪೆಟ್ಟಿಗೆ, ಡ್ರಮ್ಮು, ಹೊದಿಕೆ ಸುತ್ತಿಕೊಂಡ ಸೈನಿಕರು ಇಳಿಯುತ್ತಿದ್ದರು. ಅದು ಚಾಲೂ ಆದರೆ ನಮ್ಮ ಕಾಕ್‌ಪಿಟ್‌ನ ಗಾಜೂ ಸಣ್ಣಗೆ ಅದುರುತ್ತಿತ್ತು.

ಇದೇ ಆಂಟೊನೊವ್-32 ಒಂದು 2008ರ ಮೇ 31ರಂದು ಲಡಾಖಿನ ಚೀನಾ ಗಡಿಯ ಹತ್ತಿರದ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಯಿತು. 1962ರಲ್ಲಿ ಪ್ಯಾಕೆಟ್ ಎಂಬ ಹಳೆಯ ಸಾಗಣೆ ವಿಮಾನ ಇಳಿದಿದ್ದ ಜಾಗ ಅದು. ಆಮೇಲೆ ದಶಕಗಳ ಕಾಲ ಸುಮ್ನೆ ಬಿದ್ದಿತ್ತು. ಲೇಹ್‌ಗಿಂತ ಸುಮಾರು 1,800 ಮೀಟರ್ ಮೇಲೆ, ಡಾಂಬರಿಲ್ಲದ ನೆಲ. ಅಂದು ಅವರು ಎಷ್ಟು ಭಾರ ಹೊತ್ತಿದ್ದರು, ಆ ತೆಳುಗಾಳಿಯಲ್ಲಿ ಮತ್ತೆ ಚಾಲೂ ಆಗುತ್ತದೋ ಇಲ್ಲವೋ ಎನ್ನುವಾಗ ಎಂಜಿನ್ ಆಫ್ ಮಾಡುವ ಧೈರ್ಯ ಮಾಡಿದರಾ, ಏರುವಾಗ ಎಷ್ಟು ನೆಲ ಬೇಕಾಯಿತು? ಆ ಸಿಬ್ಬಂದಿಯಲ್ಲಿ ಒಬ್ಬರು ಸಿಕ್ಕರೂ ಸಾಕು, ಎದುರಿಗೆ ಕೂತು ಎಲ್ಲ ಕೇಳಬೇಕು.